ಬೀಗದ ಮನೆಗಳ ಊರಲ್ಲಿ ಹತ್ತನೇ ವಾರ್ಷಿಕೋತ್ಸವ

ಪುಣೆಯಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ರಜೆ ಎಂದರೆ ಸಾಮಾನ್ಯವಾಗಿ ಒಂದೇ ದಾರಿ. ಶುಕ್ರವಾರ ರಾತ್ರಿ ಕಾತ್ರಜ್ ದಾಟಿ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ಹಿಡಿದು ಊರಿಗೆ ಓಡುವುದು. ಭಾನುವಾರ ರಾತ್ರಿ ಅದೇ ದಾರಿಯಲ್ಲಿ ಉಪ್ಪಿನಕಾಯಿ ಡಬ್ಬಿ, ಚಟ್ನಿಪುಡಿ ಹಿಡಿದು ವಾಪಸ್ ಬರುವುದು. ಹೀಗೆ ದಕ್ಷಿಣಕ್ಕೆ ಓಡುವ ಅವಸರದಲ್ಲಿ ಪಶ್ಚಿಮಕ್ಕೆ ಎರಡು ಮೂರು ಗಂಟೆ ಇಳಿದರೆ ಸಿಗುವ ಕೊಂಕಣವನ್ನು ನಮ್ಮಲ್ಲಿ ಅನೇಕರು ಸರಿಯಾಗಿ ನೋಡಿಯೇ ಇರುವುದಿಲ್ಲ. ನೋಡಿದ್ದರೂ ಅಲಿಬಾಗಿನ ಒಂದು ರೆಸಾರ್ಟ್, ಗಣಪತಿಪುಳೆಯ ಒಂದು ದರ್ಶನ, ಅಷ್ಟೇ.

ಕಳೆದ ಫೆಬ್ರುವರಿ ಕೊನೆಯ ವಾರ ನಮ್ಮ ಮದುವೆಗೆ ಹತ್ತು ವರ್ಷ ತುಂಬಿತು. ಏಳು ವರ್ಷದ ಮಗಳನ್ನು ನೋಡಿಕೊಳ್ಳಲು ಅತ್ತೆ, ಮಾವ ಬಾಗಲಕೋಟೆಯಿಂದ ಬಂದಿದ್ದರು. ಗುರುವಾರ ಬೆಳಿಗ್ಗೆ ಹೊರಟು ಸೋಮವಾರ ರಾತ್ರಿ ಮರಳುವ ಲೆಕ್ಕದಲ್ಲಿ ಒಂದು ಟೆಂಟ್, ಎರಡು ಚಾಪೆ, ಪುಟ್ಟ ಗ್ಯಾಸ್ ಒಲೆ, ಅವಲಕ್ಕಿ, ಮೆಂತ್ಯ ಹಿಟ್ಟು, ಶೇಂಗಾ ಹಿಂಡಿ ಕಾರಿಗೆ ತುಂಬಿಕೊಂಡು ಹೊರಟೆವು. ಹೋಟೆಲ್ ಬೇಡ, ಆದಷ್ಟು ಕಾಡಿನಲ್ಲಿ ಅಥವಾ ತೋಟದಲ್ಲಿ ಮಲಗೋಣ ಎಂಬುದು ಹೆಂಡತಿಯ ಆಸೆ. ಕೂತು ಮಾತಾಡಲೇಬೇಕಾದ ಒಂದು ವಿಷಯವೂ ನಮ್ಮಿಬ್ಬರ ನಡುವೆ ಮೂರು ತಿಂಗಳಿಂದ ಬಾಕಿ ಇತ್ತು. ಸಾಗರ ತಾಲ್ಲೂಕಿನ ನಮ್ಮ ಮನೆಗೆ ಬೀಗ ಬಿದ್ದು ಎರಡು ವರ್ಷವಾಗಿದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೆಂಗಳೂರಿನಲ್ಲಿ ತಂಗಿಯ ಮನೆಗೆ ಹೋದರು. ಮನೆ ಕೊಳ್ಳಲು ಇಬ್ಬರು ಮುಂದೆ ಬಂದಿದ್ದರು. ಮಾರಬೇಕೇ, ಮಾರಿದರೆ ಯಾರಿಗೆ ಎಂದು ಮಾರ್ಚ್ ಮೊದಲ ವಾರದೊಳಗೆ ಹೇಳಬೇಕಿತ್ತು.

ಫಣಸಾಡ್: ನವಾಬರ ಬೇಟೆ ಕಾಡು

ತಾಮ್ಹಿಣಿ ಘಾಟ್ ಇಳಿದು ಮಾಣಗಾಂವ್ ಮೂಲಕ ಕರಾವಳಿಯತ್ತ ತಿರುಗಿದರೆ ರಾಯಗಡ ಜಿಲ್ಲೆಯ ಮುರುಡ್ ತಾಲ್ಲೂಕಿನಲ್ಲಿ ಫಣಸಾಡ್ ವನ್ಯಜೀವಿ ಧಾಮ ಸಿಗುತ್ತದೆ. ಒಂದು ಕಾಲಕ್ಕೆ ಇದು ಜಂಜೀರಾ ಸಂಸ್ಥಾನದ ನವಾಬರ ಬೇಟೆಯ ಕಾಡು. 1986ರಲ್ಲಿ ಅಭಯಾರಣ್ಯವಾಯಿತು. ಈ ಕಾಡಿನ ವಿಶೇಷ ಎಂದರೆ ಸಮುದ್ರ ತೀರಾ ಹತ್ತಿರವಿರುವುದು. ಗುಡ್ಡದ ಮೇಲೆ ನಿಂತರೆ ಒಂದು ಕಡೆ ದಟ್ಟ ಮರ, ಇನ್ನೊಂದು ಕಡೆ ಅರಬ್ಬೀ ಸಮುದ್ರ.

ಮಲೆನಾಡಿನವನಿಗೆ ಈ ಕಾಡು ಹೊಸದೆನಿಸುವುದಿಲ್ಲ. ಇಲ್ಲಿನವರು ‘ಐನ್’ ಎನ್ನುವುದು ನಮ್ಮ ಮತ್ತಿ, ‘ಕಿಂಜಳ್’ ಎನ್ನುವುದು ನಮ್ಮ ಕಿಂದಳ, ‘ಜಾಂಭೂಳ್’ ನೇರಳೆ. ‘ಗಾರಂಬಿ’ ಎಂಬ ದೈತ್ಯ ಬಳ್ಳಿ ಮರದಿಂದ ಮರಕ್ಕೆ ಹಬ್ಬಿ, ಗಜದುದ್ದದ ಕಾಯಿಗಳನ್ನು ಇಳಿಬಿಟ್ಟಿರುತ್ತದೆ. ಬೇಸಿಗೆಯಲ್ಲಿ ಪ್ರಾಣಿಗಳಿಗೆ ಆಸರೆ ಕಾಡಿನೊಳಗಿನ ನೀರಿನ ಗುಂಡಿಗಳು. ಅವಕ್ಕೆ ಇಲ್ಲಿ ‘ಗಾಣ್’ ಎನ್ನುತ್ತಾರೆ. ಚಿರತೆ, ಕಡವೆ, ಕಾಡುಕುರಿ ಇವೆ ಎಂದು ಮಾರ್ಗದರ್ಶಿ ಹೇಳಿದ. ನಮಗೆ ಕಂಡಿದ್ದು ದೊಡ್ಡ ಕೆಂದಳಿಲು. ಮರಾಠಿಯಲ್ಲಿ ‘ಶೇಕರು’, ಮಹಾರಾಷ್ಟ್ರದ ರಾಜ್ಯಪ್ರಾಣಿ. ಒಂದೇ ಅಳಿಲು ಬೇರೆ ಬೇರೆ ಮರಗಳಲ್ಲಿ ಹಲವು ಗೂಡು ಕಟ್ಟುತ್ತದೆಯಂತೆ. ಯಾವುದರಲ್ಲಿ ಮಲಗುತ್ತದೆ ಎಂದು ಶತ್ರುವಿಗೆ ತಿಳಿಯಬಾರದು ಎಂಬ ಉಪಾಯ.

“ಹಂಗಾದ್ರ ಇದಕ್ಕೂ ಖಾಲಿ ಮನಿ ಭಾಳ ಅದಾವ ಅನ್ರಿ,” ಎಂದು ಇವಳು ನಕ್ಕಳು. ವಿಷಯ ಅಲ್ಲಿಗೇ ಬಂದಿತು ಎಂದು ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಮುಂದುವರಿಸಲಿಲ್ಲ.

ರಾತ್ರಿ ಸುಪೇಗಾಂವ್ ಎಂಬ ಹಳ್ಳಿಯ ಅಂಚಿನ ಟೆಂಟ್‌ನಲ್ಲಿ ಮಲಗಿದೆವು. ಕಾಡಿನೊಳಗೆ ಸ್ವಂತ ಟೆಂಟ್ ಹಾಕಲು ಅನುಮತಿ ಇಲ್ಲ. ಇದ್ದಿದ್ದರೂ ಜಂಬಿಟ್ಟಿಗೆ ನೆಲದಲ್ಲಿ ಗೂಟ ಇಳಿಸುವುದು ಅಷ್ಟು ಸುಲಭವಿರಲಿಲ್ಲ. ಊಟಕ್ಕೆ ಹಳ್ಳಿಯ ಒಂದು ಮನೆಯಿಂದ ಅಕ್ಕಿ ರೊಟ್ಟಿ, ಹುರುಳಿ ಪಿಠಲ, ಸೋಲಕಢಿ ಬಂತು. ನಮ್ಮ ಕಡೆ ಮುರುಗಲು, ಮಂಗಳೂರು ಕಡೆ ಪುನರ್ಪುಳಿ ಎನ್ನುವ ಹಣ್ಣಿನದೇ ರಸಕ್ಕೆ ತೆಂಗಿನ ಹಾಲು ಸೇರಿದರೆ ಸೋಲಕಢಿ.

ಜಂಜೀರಾ, ಐಹೊಳೆ ಮತ್ತು ಯಲ್ಲಾಪುರ

ಎರಡನೇ ದಿನ ರಾಜಪುರಿ ದಂಡೆಯಿಂದ ಹಾಯಿದೋಣಿಯಲ್ಲಿ ಜಂಜೀರಾ ಕೋಟೆಗೆ ಹೋದೆವು. ದ್ವೀಪ ಎಂಬ ಅರ್ಥದ ‘ಜಜೀರಾ’ ಎಂಬ ಅರಬ್ಬೀ ಶಬ್ದವೇ ಜಂಜೀರಾ ಆಗಿದೆ. ಆಫ್ರಿಕಾ ಮೂಲದ ಸಿದ್ದಿ ದೊರೆಗಳು ಆಳಿದ ಈ ಕೋಟೆಯನ್ನು ಶಿವಾಜಿಗಾಗಲಿ, ಸಂಭಾಜಿಗಾಗಲಿ ಗೆಲ್ಲಲಾಗಲಿಲ್ಲ. ಸಿದ್ದಿಗಳನ್ನು ಹತೋಟಿಯಲ್ಲಿಡಲೆಂದೇ ಶಿವಾಜಿ ಹತ್ತಿರದಲ್ಲಿ ಪದ್ಮದುರ್ಗ ಕಟ್ಟಿಸಿದ. ಜಂಜೀರಾ ಸಂಸ್ಥಾನ ಭಾರತದಲ್ಲಿ ವಿಲೀನವಾಗಿದ್ದು 1948ರಲ್ಲಿ. ಸುತ್ತ ಉಪ್ಪು ನೀರಿದ್ದರೂ ಕೋಟೆಯೊಳಗೆ ಸಿಹಿನೀರಿನ ದೊಡ್ಡ ಕೆರೆಗಳಿವೆ. ಈ ಕೋಟೆ ಅಷ್ಟು ಕಾಲ ತಡೆದು ನಿಂತಿದ್ದಕ್ಕೆ ಫಿರಂಗಿಗಳಷ್ಟೇ ಈ ನೀರೂ ಕಾರಣವಿರಬೇಕು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡುಗಳಲ್ಲಿರುವ ಸಿದ್ದಿಗಳನ್ನು ನಾವು ಬಲ್ಲೆವು. ಅವರ ಪೂರ್ವಜರಲ್ಲಿ ಹೆಚ್ಚಿನವರು ಪೋರ್ಚುಗೀಸರ ಗೋವಾದಿಂದ ಬಂದ ಗುಲಾಮರು. ಕರ್ನಾಟಕದಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಒಂದೇ ಖಂಡದಿಂದ ಬಂದವರಲ್ಲಿ ಕೆಲವರು ಇಲ್ಲಿ ನವಾಬರಾದರು, ಇನ್ನು ಕೆಲವರು ನಮ್ಮ ಕಾಡಿನಲ್ಲಿ ಕೂಲಿಗಳಾದರು. ವಲಸೆ ಎಂಬುದು ಎಲ್ಲರಿಗೂ ಒಂದೇ ಫಲ ಕೊಡುವುದಿಲ್ಲ.

ದೋಣಿಯಲ್ಲಿ ಇವಳು ನೆನಪಿಸಿದ್ದು ಐಹೊಳೆ ಶಾಸನವನ್ನು. ಕ್ರಿ.ಶ. 634ರ, ರವಿಕೀರ್ತಿ ಬರೆದ ಆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಂದಿಗೆ ಪಶ್ಚಿಮ ಸಮುದ್ರದ ಪುರಿ ಎಂಬ ನಗರಕ್ಕೆ ಮುತ್ತಿಗೆ ಹಾಕಿದ ವರ್ಣನೆ ಇದೆ. ಆ ಪುರಿ ಮುಂಬೈ ಬಳಿಯ ಘಾರಾಪುರಿ ಎಂದು ಕೆಲವು ವಿದ್ವಾಂಸರು, ಇದೇ ರಾಜಪುರಿ ಎಂದು ಇನ್ನು ಕೆಲವರು ಹೇಳುತ್ತಾರೆ. ಶಾಲೆಯಲ್ಲಿದ್ದಾಗ ಇವಳು ಐಹೊಳೆಗೆ ಪ್ರವಾಸ ಹೋಗಿ ಆ ಶಾಸನದ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದಾಳೆ. “ಅಲ್ಲಿ ಕಲ್ಲಿನ್ಯಾಗ ಓದಿದ ಸಮುದ್ರ ಇದ ಇರಬೇಕು ನೋಡ್ರಿ,” ಎಂದಳು. ವಿದ್ವಾಂಸರ ಜಗಳ ಅವಳ ಮಟ್ಟಿಗೆ ಅಲ್ಲೇ ತೀರ್ಮಾನವಾಯಿತು.

ಲಾಂಚ್ ದಾಟುವ ಸುಖ

ಈ ಕರಾವಳಿಯ ರಸ್ತೆ ಪ್ರಯಾಣವನ್ನು ಬೇರೆಯಾಗಿಸುವುದು ಖಾರಿಗಳು, ಅಂದರೆ ನದಿ ಸಮುದ್ರ ಸೇರುವ ಅಗಲ ಅಳಿವೆಗಳು. ಹಲವೆಡೆ ಸೇತುವೆ ಇಲ್ಲ. ಕಾರು, ಬೈಕು, ಮೀನಿನ ಬುಟ್ಟಿ, ಶಾಲೆ ಮಕ್ಕಳು ಎಲ್ಲರನ್ನೂ ದಾಟಿಸುವುದು ‘ಜಂಗಲ್ ಜೆಟ್ಟಿ’. ಆಗರದಾಂಡಾದಿಂದ ದಿಘಿಗೆ, ಬಾಗಮಾಂಡ್ಲಾದಿಂದ ವೇಸ್ವಿಗೆ, ದಾಭೋಳದಿಂದ ಧೋಪಾವೆಗೆ, ಇನ್ನೂ ಕೆಳಗೆ ತವಸಾಳದಿಂದ ಜಯಗಡಕ್ಕೆ. ನೆಲದ ಮೇಲೆ ಹತ್ತಾರು ಕಿಲೋಮೀಟರ್ ಸುತ್ತಬೇಕಾದದ್ದು ನೀರಿನ ಮೇಲೆ ಕಾಲು ಗಂಟೆಯ ಮಾತು.

ಸಾಗರದವನಿಗೆ ಇದು ಸಿಗಂದೂರು ಲಾಂಚೇ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಬಂತು. ದ್ವೀಪದಂತಿದ್ದ ಊರುಗಳ ಜನರು ದಶಕಗಳ ಕಾಲ ಕಾದ ಸೇತುವೆ, ಅವರಿಗೆ ಬೇಕೇ ಬೇಕಿತ್ತು. ಆದರೂ ಕಾರಿನಿಂದ ಇಳಿದು ಕಂಬಿ ಹಿಡಿದು ನಿಂತು, ಏನೂ ಮಾಡಲಾಗದೆ ನೀರು ನೋಡುವ ಆ ಹದಿನೈದು ನಿಮಿಷ ಈಗ ನಮ್ಮೂರಲ್ಲಿ ಇಲ್ಲ, ಇಲ್ಲಿ ಇದೆ.

ಬಾಗಮಾಂಡ್ಲಾದಲ್ಲಿ ನಾವು ದಾಟಿದ್ದು ಸಾವಿತ್ರಿ ನದಿಯನ್ನು. ಮಹಾಬಳೇಶ್ವರದ ಪಂಚಗಂಗಾ ದೇವಸ್ಥಾನದಲ್ಲಿ ಕೃಷ್ಣೆ, ಕೊಯ್ನಾ, ವೆಣ್ಣಾ, ಗಾಯತ್ರಿ, ಸಾವಿತ್ರಿ ಐದೂ ಹುಟ್ಟುತ್ತವೆ ಎಂಬ ನಂಬಿಕೆ. ಸಾವಿತ್ರಿ ಪಶ್ಚಿಮಕ್ಕೆ ಜಾರಿ ಇಷ್ಟು ಬೇಗ ಕಡಲು ಸೇರುತ್ತಾಳೆ. ಕೃಷ್ಣೆ ಪೂರ್ವಕ್ಕೆ ತಿರುಗಿ ಆಲಮಟ್ಟಿ, ನಾರಾಯಣಪುರ, ಶ್ರೀಶೈಲ ಎಂದು ಬಂಗಾಳ ಕೊಲ್ಲಿಯವರೆಗೆ ನಡೆಯುತ್ತಾಳೆ. ಒಂದೇ ಬೆಟ್ಟದ ಮಕ್ಕಳು, ಗಂಡನ ಮನೆ ಬೇರೆ ಬೇರೆ ದಿಕ್ಕಿಗೆ.

ಆಲಮಟ್ಟಿ ಎಂದಾಗ ಇವಳು ಸುಮ್ಮನಾಗುವುದನ್ನು ಹತ್ತು ವರ್ಷದಿಂದ ನೋಡಿದ್ದೇನೆ. ಹಳೇ ಬಾಗಲಕೋಟೆಯಲ್ಲಿದ್ದ ಅವರ ಮನೆ ಹಿನ್ನೀರಿನ ಪಾಲಾಯಿತು. ಆಗ ಅವಳಿನ್ನೂ ಶಾಲೆ ಹುಡುಗಿ. ಈಗ ಇರುವುದು ನವನಗರದ ಮನೆ, ರಸ್ತೆಗಳಿಗೆ ಹೆಸರಿಗಿಂತ ಸೆಕ್ಟರ್ ನಂಬರುಗಳೇ ಹೆಚ್ಚು ಬಳಕೆಯಲ್ಲಿರುವ ಊರು.

ವೇಳಾಸ್: ಆಮೆ ಉಳಿಸಿದ ಮನೆಗಳು

ರತ್ನಾಗಿರಿ ಜಿಲ್ಲೆಯ ಮಂಡಣಗಡ ತಾಲ್ಲೂಕಿನ ವೇಳಾಸ್, ಪೇಶ್ವೆಗಳ ಮಂತ್ರಿ ನಾನಾ ಫಡ್ನವಿಸರ ಮನೆತನದ ಮೂಲ ಊರು. ಈಗ ಅದರ ಹೆಸರು ಆಲಿವ್ ರಿಡ್ಲಿ ಕಡಲಾಮೆಗಳಿಂದ. ಚಳಿಗಾಲದಲ್ಲಿ ಹೆಣ್ಣು ಆಮೆಗಳು ರಾತ್ರಿ ದಂಡೆಗೆ ಬಂದು ಮರಳು ತೋಡಿ, ನೂರರ ಆಸುಪಾಸಿನಲ್ಲಿ ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತವೆ. ಸುಮಾರು ಐವತ್ತು ದಿನಕ್ಕೆ ಮರಿ ಹೊರಬರುತ್ತವೆ. ಮರಳು ಬೆಚ್ಚಗಿದ್ದರೆ ಹೆಣ್ಣು ಮರಿಗಳು ಹೆಚ್ಚು, ತಂಪಾಗಿದ್ದರೆ ಗಂಡು. ತಾಯಿ ಮಾತ್ರ ತಿರುಗಿ ನೋಡುವುದಿಲ್ಲ.

ಹಿಂದೆ ಈ ಮೊಟ್ಟೆಗಳನ್ನು ಜನ ಅಗೆದು ತೆಗೆದು ತಿನ್ನುತ್ತಿದ್ದರು, ಮಾರುತ್ತಿದ್ದರು. ಉಳಿದದ್ದು ನಾಯಿ, ನರಿಗಳ ಪಾಲು. 2002ರಲ್ಲಿ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಎಂಬ ಸಂಸ್ಥೆ ಊರಿನವರ ಜೊತೆ ಸೇರಿ ಮೊಟ್ಟೆಗಳನ್ನು ಬೇಲಿ ಹಾಕಿದ ಜಾಗಕ್ಕೆ ಸ್ಥಳಾಂತರಿಸಿ ಕಾಯಲು ಶುರುಮಾಡಿತು. 2006ರಿಂದ ಮರಿಗಳನ್ನು ಕಡಲಿಗೆ ಬಿಡುವುದನ್ನು ನೋಡಲು ಜನರನ್ನು ಕರೆದು ‘ಕಾಸವ ಮಹೋತ್ಸವ’ ನಡೆಸಿದರು. ಉಳಿದುಕೊಳ್ಳಲು ಊರಿನ ಮನೆಗಳೇ. ಹೀಗೆ ಮೊಟ್ಟೆ ಮಾರುವುದಕ್ಕಿಂತ ಕಾಯುವುದರಿಂದ ಹೆಚ್ಚು ಸಂಪಾದನೆ ಎಂದು ಊರಿಗೆ ಮನವರಿಕೆಯಾಯಿತು.

ನಮ್ಮ ಹೊನ್ನಾವರ, ಕಾರವಾರ, ಕುಂದಾಪುರದ ದಂಡೆಗಳಿಗೂ ಇದೇ ಆಮೆ ಬರುತ್ತದೆ. ಅಲ್ಲೂ ಕಾಯುವವರಿದ್ದಾರೆ. ವೇಳಾಸದಿಂದ ಕಲಿಯಬಹುದಾದದ್ದು ಕಾವಲನ್ನು ಊರಿನ ಊಟದ ಜೊತೆ ಜೋಡಿಸುವ ಜಾಣ್ಮೆ.

ಆಮೆ ಬರುವ ದಂಡೆಯಲ್ಲಿ ಟೆಂಟ್ ಹಾಕುವಂತಿಲ್ಲ. ಬೆಳಕು, ಸದ್ದು ಎರಡೂ ಅವಕ್ಕೆ ಆಗದು. ಆದ್ದರಿಂದ ಆ ರಾತ್ರಿ ಒಂದು ಮನೆಯ ಜಗುಲಿಯಲ್ಲಿ ಚಾಪೆ ಹಾಸಿ ಮಲಗಿದೆವು. ಬೆಳಿಗ್ಗೆ ಬುಟ್ಟಿ ಮಗುಚಿದಾಗ ಅಂಗೈಗಿಂತ ಚಿಕ್ಕದಾದ ಹನ್ನೊಂದು ಮರಿಗಳು ಮರಳಿನ ಮೇಲೆ ತೆವಳತೊಡಗಿದವು. ಅಲೆ ಎರಡು ಸಲ ಹಿಂದಕ್ಕೆ ಎಸೆಯಿತು. ಮೂರನೇ ಸಲ ಹೋದವು. ನೂರಾರು ಜನ ಹಗ್ಗದ ಆಚೆ ಉಸಿರು ಬಿಗಿಹಿಡಿದು ನಿಂತಿದ್ದರು, ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಕೀಲಿಕೈ ಗೊಂಚಲಿನ ಕಾಕು

ಶನಿವಾರ, ವಾರ್ಷಿಕೋತ್ಸವದ ದಿನ, ಕೇಳಶಿ ದಾಟಿ ಆಂಜರ್ಲೆಗೆ ಬಂದೆವು. ಕೊಂಕಣದಲ್ಲಿ ತೆಂಗು, ಅಡಿಕೆ, ಬಾಳೆ, ಜಾಯಿಕಾಯಿ ಬೆಳೆದ ಮನೆಹಿತ್ತಲಿನ ತೋಟಕ್ಕೆ ‘ವಾಡಿ’ ಎನ್ನುತ್ತಾರೆ. ಒಬ್ಬ ವಯಸ್ಸಾದ ದಂಪತಿಯ ವಾಡಿಯಲ್ಲಿ ಟೆಂಟ್ ಹಾಕಲು ಒಪ್ಪಿಗೆ ಸಿಕ್ಕಿತು. ತೆಂಗಿನ ಮರದ ಕೆಳಗೆ ಹಾಕಬಾರದು, ಕಾಯಿ ಬೀಳುತ್ತದೆ ಎಂದು ಅಜ್ಜ ತಾವೇ ಜಾಗ ತೋರಿಸಿದರು. ಇವಳು ಅಜ್ಜಿಯನ್ನು ‘ಕಾಕು’ ಎಂದಳು. ಆ ಶಬ್ದ ಬಾಗಲಕೋಟೆಯಲ್ಲೂ ಇದೆ, ಇಲ್ಲೂ ಇದೆ. ಆಮೇಲೆ ಒಳಗೆ, ಹೊರಗೆ ಎಂಬ ಭೇದ ಇರಲಿಲ್ಲ.

ಆ ಓಣಿಯಲ್ಲಿ ಹನ್ನೆರಡು ಮನೆ. ಏಳಕ್ಕೆ ಬೀಗ. ಏಳರ ಕೀಲಿಕೈಗಳೂ ಕಾಕುವಿನ ಸೊಂಟದಲ್ಲಿ. ವಾರಕ್ಕೊಮ್ಮೆ ತೆರೆದು ಗುಡಿಸಿ, ದೇವರ ಮುಂದೆ ದೀಪ ಹಚ್ಚಿ ಮತ್ತೆ ಬೀಗ ಹಾಕುತ್ತಾರೆ. ಶಿಮಗಾ, ಅಂದರೆ ಹೋಳಿ ಹತ್ತಿರ ಬಂದಿತ್ತು. ಗ್ರಾಮದೇವತೆಯ ಪಲ್ಲಕ್ಕಿ ಮನೆಮನೆಗೆ ಬರುವ ಹಬ್ಬ. ಬಾಗಿಲು ಹಾಕಿದ ಮನೆಯ ಮುಂದೆ ಪಲ್ಲಕ್ಕಿ ನಿಲ್ಲಬಾರದೆಂದು ಮುಂಬೈಯಿಂದ ಎಲ್ಲರೂ ಓಡಿಬರುತ್ತಾರೆ. ಹೀಗೆ ಮುಂಬೈಯಲ್ಲಿ ದುಡಿದು ಗಣಪತಿಗೆ, ಶಿಮಗಾಕ್ಕೆ ಊರಿಗೆ ಬರುವವನಿಗೆ ಇಲ್ಲಿ ‘ಚಾಕರಮಾನಿ’ ಎಂದು ಹೆಸರು. ಮುಂಬೈಯ ಬಟ್ಟೆ ಗಿರಣಿಗಳನ್ನು ನಡೆಸಿದ್ದು ಬಹುಪಾಲು ಇವರ ಕೈಗಳೇ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೂ ಹೋದವರು ಮರಳಲಿಲ್ಲ, ಬೇರೆ ಕೆಲಸ ಹಿಡಿದರು. ರತ್ನಾಗಿರಿ ಜಿಲ್ಲೆಯ ಜನಸಂಖ್ಯೆ 2001ರಲ್ಲಿ ಸುಮಾರು 16.97 ಲಕ್ಷ ಇದ್ದದ್ದು 2011ರ ಗಣತಿಯಲ್ಲಿ 16.15 ಲಕ್ಷಕ್ಕೆ ಇಳಿಯಿತು. ಸಾವಿರ ಗಂಡಸರಿಗೆ 1,100ಕ್ಕೂ ಹೆಚ್ಚು ಹೆಂಗಸರಿರುವ ಜಿಲ್ಲೆ ಇದು. ಗಂಡಸರು ಊರು ಬಿಟ್ಟಿದ್ದಾರೆ ಎಂಬುದನ್ನು ಅಂಕಿಸಂಖ್ಯೆ ಹೇಳುವ ರೀತಿ ಹೀಗೆ.

“ಕೀಲಿ ನನ್ನ ಕೈಲಿದೆ, ಮನೆ ಗೆದ್ದಲಿನ ಕೈಲಿದೆ,” ಎಂದರು ಕಾಕು ಮರಾಠಿಯಲ್ಲಿ. ದುಃಖದಿಂದ ಹೇಳಿದ್ದಲ್ಲ, ಲೆಕ್ಕ ಒಪ್ಪಿಸುವಂತೆ ಹೇಳಿದ್ದು. “ನಾನಿರುವವರೆಗೆ ದೀಪ ಹಚ್ಚುತ್ತೇನೆ. ಆಮೇಲೆ?”

ರಾತ್ರಿ ಟೆಂಟ್ ಮುಂದೆ ಕೂತು ನಾವು ಮಾತಾಡಿದೆವು. ಕೊಳ್ಳಲು ಬಂದ ಇಬ್ಬರಲ್ಲಿ ಒಬ್ಬರು ಬೆಂಗಳೂರಿನವರು. ವಾರಾಂತ್ಯಕ್ಕೆ ಬಂದು ಹೋಗಲು, ಉಳಿದ ದಿನ ಬಾಡಿಗೆಗೆ ಕೊಡಲು ಅವರಿಗೆ ಹಳೇ ಮನೆ ಬೇಕು. ಇನ್ನೊಬ್ಬರು ನಮ್ಮದೇ ಊರಿನ ಶಾಲೆಯ ಮೇಷ್ಟ್ರು. ಬಾಡಿಗೆ ಮನೆಯಲ್ಲಿದ್ದಾರೆ, ಎರಡು ಮಕ್ಕಳು. ಅವರು ಕೊಡಬಲ್ಲದ್ದು ಮೊದಲಿನವರಿಗಿಂತ ಒಂಬತ್ತು ಲಕ್ಷ ಕಡಿಮೆ. ಆ ಒಂಬತ್ತು ಲಕ್ಷ ಪುಣೆಯಲ್ಲಿ ನಾವು ನೋಡಿಟ್ಟ ಫ್ಲ್ಯಾಟ್‌ನ ಒಂದು ಕೋಣೆ.

ನನ್ನ ಮನಸ್ಸು ಮಾರುವುದಕ್ಕೇ ಒಪ್ಪುತ್ತಿರಲಿಲ್ಲ. ಶರಾವತಿ ಮುಳುಗಡೆಯಲ್ಲಿ ಊರು ಕಳೆದುಕೊಂಡ ಅಜ್ಜ ಹಳೇ ಮನೆಯ ಕಂಬ, ತೊಲೆಗಳನ್ನು ಬಿಚ್ಚಿ, ಗಾಡಿಯಲ್ಲಿ ಹೇರಿಕೊಂಡು ಬಂದು ಕಟ್ಟಿದ ಮನೆ ಅದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅಜ್ಜನಿಗೆ ಈಗಿನ ನನ್ನ ವಯಸ್ಸು. ಅಂಥ ಮನೆಯನ್ನು ನಾನು ಮಾರುವುದೇ ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಮ್ಮ ಮನಿ ಮುಳುಗಿದಾಗ ಮಾರೂದೋ ಇಟ್ಕೊಳ್ಳೂದೋ ಅಂತ ಯಾರೂ ನಮ್ಮನ್ನ ಕೇಳಲಿಲ್ರಿ. ನಿಮ್ಮನ್ನರೆ ಕೇಳಾಕತ್ತಾರ. ಅಜ್ಜಾರು ಮನಿ ಹೊತ್ಕೊಂಡು ಬಂದ್ರೇನು? ಕಂಬ ತಂದ್ರು. ಒಲಿ ಹೊಸಾದ ಹಚ್ಚಿದ್ರು. ಈಗ ಆ ಒಲಿ ಹಚ್ಚಾವರು ಯಾರು? ನಾವಂತೂ ಅಲ್ಲ.”

ಉತ್ತರ ಹೊಳೆಯಲಿಲ್ಲ. ಖಾರಿಯಲ್ಲಿ ಭರತ ಏರುವ ಸದ್ದು ಕೇಳುತ್ತಿತ್ತು. ಹತ್ತನೇ ವಾರ್ಷಿಕೋತ್ಸವದ ಊಟ ಕಾಕು ಕೊಟ್ಟ ಉಕಡೀಚೆ ಮೋದಕ ಮತ್ತು ನಮ್ಮ ಶೇಂಗಾ ಹಿಂಡಿಯಲ್ಲಿ ಮುಗಿಯಿತು.

ಬಿಜಾಪುರದ ಬಂದರು, ಕೊಯ್ನಾದ ನೀರು

ಭಾನುವಾರ ಹರ್ಣೈಯ ಮೀನು ಹರಾಜು, ಎದುರಿನ ಸುವರ್ಣದುರ್ಗ ನೋಡಿಕೊಂಡು ಮುರುಡ್‌ಗೆ ಹೋದೆವು. ಇದು ದಾಪೋಲಿ ತಾಲ್ಲೂಕಿನ ಇನ್ನೊಂದು ಮುರುಡ್, ಮಹರ್ಷಿ ಧೋಂಡೋ ಕೇಶವ ಕರ್ವೆಯವರು ಬೆಳೆದ ಊರು. ಹುಡುಗನಾಗಿದ್ದಾಗ ಒಂದು ಪರೀಕ್ಷೆ ಬರೆಯಲು ಇಲ್ಲಿಂದ ಸಹ್ಯಾದ್ರಿ ಹತ್ತಿ ಸಾತಾರಾವರೆಗೆ ನಡೆದು ಹೋದರು. ವಯಸ್ಸು ಚಿಕ್ಕದಾಗಿ ಕಾಣುತ್ತದೆ ಎಂದು ಅಲ್ಲಿ ಪರೀಕ್ಷೆಗೇ ಕೂರಿಸಲಿಲ್ಲ. ಆ ಹುಡುಗ ಮುಂದೆ ಪುಣೆಯಲ್ಲಿ ವಿಧವೆಯರಿಗೆ ಆಶ್ರಮ, ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯ ಕಟ್ಟಿ, ನೂರನೇ ವರ್ಷದಲ್ಲಿ, 1958ರಲ್ಲಿ, ಭಾರತರತ್ನ ಪಡೆದರು. ಪುಣೆಯ ಕರ್ವೆ ರಸ್ತೆಯ ಟ್ರಾಫಿಕ್‌ನಲ್ಲಿ ದಿನಾ ಸಿಕ್ಕಿಕೊಳ್ಳುವ ನಮ್ಮಂಥವರು ಅವರ ಊರನ್ನೊಮ್ಮೆ ನೋಡಬೇಕು.

ದಾಭೋಳ ಬಂದಾಗ ಮತ್ತೆ ನಮ್ಮ ನೆಲದ ನಂಟು. ಬಹಮನಿಗಳ, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳ ದೊಡ್ಡ ಬಂದರು ಇದು. ಅರಬ್ಬೀ ಕುದುರೆಗಳು ಇಳಿಯುತ್ತಿದ್ದ, ಹಜ್ ಯಾತ್ರಿಕರು ಹಡಗು ಹತ್ತುತ್ತಿದ್ದ ಜಾಗ. ದಂಡೆಯ ಹತ್ತಿರವೇ ಆದಿಲ್‌ಶಾಹಿ ಕಾಲದ ಮಸೀದಿ, ಗುಮ್ಮಟದ ಆಕಾರ ಬಿಜಾಪುರ ನೋಡಿದವರಿಗೆ ಥಟ್ಟನೆ ಪರಿಚಯ. ಈಗ ಬಂದರಿನ ಗದ್ದಲವಿಲ್ಲ, ಲಾಂಚಿಗೆ ಕಾಯುವ ಹತ್ತು ಬೈಕು, ಎರಡು ಚಹಾ ಅಂಗಡಿ.

ಇಲ್ಲಿ ದಾಟುವ ವಾಶಿಷ್ಠಿ ನದಿಯಲ್ಲಿ ಎಂಜಿನಿಯರುಗಳಿಗೆ ಇಷ್ಟವಾಗುವ ಒಂದು ಸಂಗತಿ ಇದೆ. ಘಟ್ಟದ ಮೇಲಿನ ಕೊಯ್ನಾ ನದಿ ಪೂರ್ವಕ್ಕೆ ಹರಿದು ಕೃಷ್ಣೆ ಸೇರಬೇಕಾದದ್ದು. ಕೊಯ್ನಾ ಅಣೆಕಟ್ಟಿನ ನೀರಿನ ದೊಡ್ಡ ಪಾಲನ್ನು ಸಹ್ಯಾದ್ರಿಯೊಳಗಿನ ಸುರಂಗಗಳಲ್ಲಿ ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಎತ್ತರದಿಂದ ಬೀಳಿಸಿ ವಿದ್ಯುತ್ ತೆಗೆಯುತ್ತಾರೆ. ಯೋಜನೆಯ ಸಾಮರ್ಥ್ಯ 1,960 ಮೆಗಾವಾಟ್. ಹೀಗೆ ತಿರುಗಿಸಲು ಕೃಷ್ಣಾ ನ್ಯಾಯಮಂಡಳಿ ಒಪ್ಪಿದ ಪ್ರಮಾಣ ವರ್ಷಕ್ಕೆ 67.5 ಟಿಎಂಸಿ. ಕೆಲಸ ಮುಗಿಸಿದ ಆ ನೀರು ವಾಶಿಷ್ಠಿ ಸೇರಿ ದಾಭೋಳದಲ್ಲಿ ಕಡಲಿಗೆ ಹೋಗುತ್ತದೆ. ಲಾಂಚಿನ ಕಂಬಿ ಹಿಡಿದು ಇದನ್ನು ವಿವರಿಸಿದಾಗ ಇವಳ ಪ್ರಶ್ನೆ: “ಹಂಗಾರ ನಮ್ಮೂರಿಗೆ ಬರಬೇಕಾದ ನೀರಿನ ಮ್ಯಾಲ ನಿಂತೀವೇನು?” ಹೌದು ಎಂದೆ. ಉಳಿದದ್ದೇ ಅವರ ಮನೆ ಮುಳುಗಿಸಿತಲ್ಲ ಎಂಬ ಮಾತು ಇಬ್ಬರ ಬಾಯಿಗೂ ಬಂದು ನಿಂತಿತು.

ಆ ರಾತ್ರಿ ಗುಹಾಗರದ ಒಂದು ತೋಟದಲ್ಲಿ ಕೊನೆಯ ಟೆಂಟ್. ಹತ್ತಿರದ ‘ದೇವರಾಯಿ’ ನೋಡಲು ಸಂಜೆ ಹೋದೆವು. ಕೊಡಗಿನ ದೇವರಕಾಡು, ನಮ್ಮ ಕಡೆಯ ಬನದ ಹಾಗೆಯೇ ದೇವರಿಗೆ ಬಿಟ್ಟ ಕಾಡು. ಒಣಗಿ ಬಿದ್ದ ಕೊಂಬೆಯನ್ನೂ ಊರವರು ಮನೆಗೆ ಒಯ್ಯುವುದಿಲ್ಲ. ಸರ್ಕಾರಿ ಬೋರ್ಡಿಲ್ಲದೆ ಉಳಿದ ಮರಗಳು.

ಕರಾಡದ ಸಂಗಮದಲ್ಲಿ ಒಂದು ಫೋನು

ಸೋಮವಾರ ಚಿಪಳೂಣದಿಂದ ಕುಂಭಾರ್ಲಿ ಘಾಟ್ ಹತ್ತಿ, ಪಾಟಣ ಮೂಲಕ ಕರಾಡಕ್ಕೆ ಬಂದೆವು. ಕರಾಡದಲ್ಲಿ ಕೊಯ್ನಾ ಮತ್ತು ಕೃಷ್ಣೆ ಎದುರುಬದುರಾಗಿ ಬಂದು ಕೂಡುತ್ತವೆ, ‘ಪ್ರೀತಿಸಂಗಮ’ ಎಂದು ಕರೆಯುತ್ತಾರೆ. ಫೆಬ್ರುವರಿಯ ನೀರು, ಮೊಣಕಾಲ ಮಟ್ಟದ ಹರಿವು. ಇವಳು ಚಪ್ಪಲಿ ಬಿಟ್ಟು ಇಳಿದು ನಿಂತಳು. ಈ ನೀರು ಮುಂದೆ ಆಲಮಟ್ಟಿಗೆ ಹೋಗಿ ನಿಲ್ಲುತ್ತದೆ.

ದಂಡೆಯಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ಇಬ್ಬರ ಬೆಲೆಯನ್ನೂ ಹೇಳಿದೆ. ನಾನಂದುಕೊಂಡಂತೆ ಅವರು ಅಳಲಿಲ್ಲ.

“ಮೇಷ್ಟ್ರ ಹೆಂಡ್ತಿ ಹೋದ್ ವಾರ ಫೋನ್ ಮಾಡಿತ್ತು,” ಎಂದರು. “ಹಿತ್ತಲ ಬಚ್ಚಲಿನ ಹತ್ರ ಇರೋ ದಾಸವಾಳ ಒಣಗ್ತಾ ಇದೆ, ನೀರು ಹಾಕ್ಲಾ ಅಂತ ಕೇಳ್ತು. ಬೆಂಗಳೂರಿನವ್ರು ಅಳತೆ ಎಷ್ಟು ಅಂತ ಕೇಳಿದ್ರು. ನೀನೇ ನೋಡು.”

ಫ್ಲ್ಯಾಟ್ ಚಿಕ್ಕದಾಗುತ್ತದೆ ಎಂದು ಹೆಂಡತಿಗೆ ಹೇಳಿದೆ. “ಗೊತ್ತೈತ್ರಿ, ಮೂರು ಮಂದಿಗೆ ಎಷ್ಟು ಬೇಕು?” ಎಂದಳು. ಮೇಷ್ಟ್ರಿಗೆ ಆ ಸಂಜೆಯೇ ತಿಳಿಸಿದೆವು. ನಾವು ಕೇಳಿದ್ದು ಒಂದೇ: ಅಜ್ಜ ತಂದ ನಡುಮನೆಯ ಎರಡು ಕಂಬಗಳನ್ನು ತೆಗೆಯಬೇಡಿ. “ತೆಗೆದ್ರೆ ಮಾಡು ಬೀಳುತ್ತೆ ಮಾರಾಯ್ರೆ,” ಎಂದು ಅವರು ನಕ್ಕರು.

ಈ ತೀರ್ಮಾನ ಎಲ್ಲರಿಗೂ ಸರಿ ಎಂದು ನಾನು ಹೇಳುತ್ತಿಲ್ಲ. ವೇಳಾಸದಲ್ಲಿ ಮನೆಯವರೇ ಇದ್ದು ಅತಿಥಿಗಳಿಗೆ ಜಗುಲಿ ಕೊಟ್ಟು ಮನೆ ಉಳಿಸಿಕೊಂಡಿದ್ದಾರೆ. ಮರಳಿ ಹೋಗುವ ನಿಜವಾದ ಯೋಜನೆ ಇರುವವರು ಮಾರಬೇಕಿಲ್ಲ. ನಮ್ಮ ಮಟ್ಟಿಗೆ ಕಾಕುವಿನ ಕೀಲಿಕೈ ಗೊಂಚಲು ನೋಡಿದ ಮೇಲೆ ಎಂಟನೆಯದೊಂದನ್ನು ಯಾರದೋ ಸೊಂಟಕ್ಕೆ ಸಿಕ್ಕಿಸುವುದು ಬೇಡವೆನಿಸಿತು.

ನೀವೂ ಹೋಗುವುದಾದರೆ

ನವೆಂಬರ್‌ನಿಂದ ಮಾರ್ಚ್ ಈ ದಾರಿಗೆ ಒಳ್ಳೆಯ ಕಾಲ. ಆಮೆ ಮರಿ ನೋಡಬೇಕೆಂದರೆ ಫೆಬ್ರುವರಿ, ಮಾರ್ಚ್. ಹೋಗುವ ಮುನ್ನ ಫೋನ್ ಮಾಡಿ ಮರಿ ಹೊರಬರುತ್ತಿವೆಯೇ ಎಂದು ಕೇಳಿಕೊಳ್ಳಿ. ಮಳೆಗಾಲದಲ್ಲಿ ಜಂಜೀರಾಕ್ಕೆ ದೋಣಿ ಇರುವುದಿಲ್ಲ, ಖಾರಿಯ ಲಾಂಚ್‌ಗಳೂ ಹವಾಮಾನ ನೋಡಿಕೊಂಡು ಓಡುತ್ತವೆ. ಲಾಂಚ್ ರಾತ್ರಿಯಿಡೀ ಓಡುವುದಿಲ್ಲ, ಕೊನೆಯದು ಎಷ್ಟು ಗಂಟೆಗೆ ಎಂದು ಮೊದಲೇ ವಿಚಾರಿಸಿ.

ಅಭಯಾರಣ್ಯದಲ್ಲಿ ಅರಣ್ಯ ಇಲಾಖೆ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಡೆ ಮಲಗಬೇಡಿ, ಬೆಂಕಿ ಹಾಕಬೇಡಿ. ಫೆಬ್ರುವರಿಯ ಒಣಹುಲ್ಲಿಗೆ ಒಂದು ಕಿಡಿ ಸಾಕು. ಮರಳಿನ ಮೇಲೆ ಟೆಂಟ್ ಹಾಕುವುದಕ್ಕಿಂತ ವಾಡಿಯವರ ಒಪ್ಪಿಗೆ ಪಡೆದು ತೋಟದಲ್ಲಿ ಹಾಕುವುದು ಕ್ಷೇಮ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ಭರತ ಮಾಮೂಲಿಗಿಂತ ಮೇಲೆ ಬರುತ್ತದೆ. ಜಂಬಿಟ್ಟಿಗೆ ನೆಲದಲ್ಲಿ ಗೂಟದ ಬದಲು ಕಲ್ಲಿಗೆ ಹಗ್ಗ ಕಟ್ಟಿ. ಊಟಕ್ಕೆ ಒಂದು ದಿನ ಮೊದಲೇ ಹೇಳಿದರೆ ಹಳ್ಳಿಯ ಮನೆಗಳಲ್ಲಿ ಸಿಗುವಷ್ಟು ರುಚಿ ಹೆದ್ದಾರಿಯ ಹೋಟೆಲುಗಳಲ್ಲಿ ಸಿಗದು. ಮರಾಠಿ ಅರ್ಧಂಬರ್ಧ ಬಂದರೂ ಸಾಕು, ಕಾಕು ಎಂದರೆ ಉಳಿದದ್ದು ತಾನಾಗಿ ನಡೆಯುತ್ತದೆ.